ಡಾಕ್ಟರಮ್ಮನ ಕೈಗೆ ಬಂದ ಕೂಸು

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಂದಿರನ್ನು ಹೊರಗೆ ನಿಲ್ಲಿಸುವುದು ಆಸ್ಪತ್ರೆಯ ಹಳೇ ಕಟ್ಟಳೆಯಾಗಿತ್ತು. ಡಾಕ್ಟರಮ್ಮನ ಒಬ್ಬನೇ ಮಗ ಆ ಪೆಟ್ಟಿಗೆಯಲ್ಲೇ ತೀರಿಕೊಂಡ. ಅವನನ್ನು ಅವಳು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಆಮೇಲೆ ಅವಳು ಹಟಕ್ಕೆ ಬಿದ್ದಳು. ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿದರೆ ಉಸಿರು ನಿಲ್ಲುವುದು ಕಡಿಮೆಯೆಂದು ವರ್ಷಗಟ್ಟಲೆ ಅಳೆದು, ಬರೆದು, ಪ್ರಕಟಿಸಿದಳು. ಹಿರಿಯ ಡಾಕ್ಟರುಗಳು ಮೂಗು ಮುರಿದರು, ಕೊನೆಗೆ ಬಾಗಿಲು ತೆರೆದರು. ಈಗ ವಾರ್ಡಿನ ಒರಗುಕುರ್ಚಿಗಳಲ್ಲಿ ತಾಯಂದಿರು ಎದೆಯ ಮೇಲೆ ಕೂಸು ಹೊತ್ತು ಹರಟೆ ಹೊಡೆಯುತ್ತಾರೆ.

ಒಂದು ಬೆಳಗ್ಗೆ ಬಾಣಂತಿಯೊಬ್ಬಳು ಸ್ನಾನಕ್ಕೆ ಹೊರಟಳು. "ಡಾಕ್ಟರಮ್ಮ, ಒಂದ್ ಗಳಿಗೆ ನೀವೇ ಎದೆ ಮೇಲೆ ಹಾಕ್ಕೊಳ್ಳಿ. ಹೀಗೇ ಮಾಡ್ಬೇಕು ಅಂತ ಬರ್ದೋರು ನೀವೇ ಅಲ್ವಾ?"

ಡಾಕ್ಟರಮ್ಮ ಕೂಸನ್ನು ತೆಗೆದುಕೊಂಡಳು. ಅಂಗೈಯಷ್ಟೇ ಇತ್ತು, ಬೆಚ್ಚಗಿತ್ತು. ಅವಳ ಬೆರಳು ತನ್ನ ಬಿಳಿ ಕೋಟಿನ ಗುಂಡಿಗೆ ಹೋಯಿತು. ತಾನೇ ಒರಗಿಕೊಂಡುಬಿಡೋಣವೆಂದು ಜೀವ ಹಾತೊರೆಯಿತು. ಅಷ್ಟರಲ್ಲಿ, ಒಳಗೆ ಬರಲು ಅಂಜಿ ಬಾಗಿಲಲ್ಲೇ ಇಣುಕುತ್ತಿದ್ದ ಕೂಸಿನ ಅಪ್ಪ ಕಣ್ಣಿಗೆ ಬಿದ್ದ.

"ಏನಯ್ಯಾ, ಅಲ್ಲೇನ್ ಸಿನಿಮಾ ನೋಡ್ತಿದ್ದೀಯಾ? ಬಾ ಒಳಗೆ. ಕೈ ತೊಳ್ಕೊ, ಅಂಗಿ ಬಿಚ್ಚು."

"ಎಲ್ರ ಎದುರಿಗಾ?"

"ನಿನ್ನ ನೋಡೋಕ್ ಯಾರೂ ಟಿಕೆಟ್ ತಗೊಂಡಿಲ್ಲ. ಬಿಚ್ಚು!"

ತಾಯಂದಿರು ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮ ಕೂಸನ್ನು ಅವನ ಎದೆಗೆ ಒರಗಿಸಿ ಹೊದಿಕೆ ಸುತ್ತಿದಳು. ಪಕ್ಕದ ಕೋಣೆಯಿಂದ ನರ್ಸು ಕರೆದಳು.

"ಬಂದೆ," ಎಂದಳು ಡಾಕ್ಟರಮ್ಮ. ಹೊದಿಕೆಯ ಮೇಲಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ.