ನೌರು, ಮಾರಿಷಸ್ ಮತ್ತು ಶಹಾಬಾದದ ನಮ್ಮ ಮಾವ

ಚಿತ್ತಾಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ನೆಲವನ್ನು ಈಚೆಗೆ ಕಿತ್ತರು. ಹಳೆಯ ಫರಸಿ ಕಲ್ಲು ತೆಗೆದು ಟೈಲ್ಸ್ ಹಾಕುತ್ತಾರಂತೆ. ಧೂಳು ಏಳಬಾರದೆಂದು ಕೆಲಸದವರು ಕಲ್ಲಿನ ಮೇಲೆ ನೀರು ಹೊಡೆದರು. ಒಣಗಿದ ಕಲ್ಲಿಗೆ ನೀರು ಬಿದ್ದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಮಳೆಗೆ ನೆನೆದ ಮಣ್ಣಿನಷ್ಟು ಸಿಹಿಯಲ್ಲ, ಸ್ವಲ್ಪ ಸುಣ್ಣದ ಹಾಗೆ, ಸ್ವಲ್ಪ ಹೊಸ ಕೊಡದ ನೀರಿನ ಹಾಗೆ. ಉಳಿದವರು ಮೂಗಿಗೆ ಕರ್ಚೀಫು ಹಿಡಿದು ಹೊರಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. ಆ ವಾಸನೆ ಬಂದರೆ ನನಗೆ ಎರಡು ದೇಶಗಳು ನೆನಪಾಗುತ್ತವೆ, ನೌರು ಮತ್ತು ಮಾರಿಷಸ್. ಎರಡನ್ನೂ ನಾನು ನೋಡಿಲ್ಲ. ನನ್ನ ಸಂಬಳದಲ್ಲಿ ನೋಡುವ ಹಾಗೂ ಇಲ್ಲ. ಆದರೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಲು ಶುರುಮಾಡಿದಾಗಿನಿಂದ ಪ್ರತಿ ವರ್ಷ ಆ ಎರಡರ ಹೋಲಿಕೆ ಪಾಠ ಮಾಡುತ್ತ ಬಂದಿದ್ದೇನೆ. ಆ ಪಾಠ ನನಗೆ ಮೊದಲು ಸಿಕ್ಕಿದ್ದು ಶಹಾಬಾದದ ಒಂದು ಕಲ್ಲು ಪಾಲಿಶಿನ ಶೆಡ್ಡಿನ ಹಿಂದಿನ ಮನೆಯಲ್ಲಿ.

ಶೆಡ್ಡು ನಮ್ಮ ಮಾವನದು. ಮಾವ ಎಂದರೆ ನನ್ನ ತಂದೆಯ ತಂಗಿ ಶಾಂತಾ ಅತ್ತೆಯ ಗಂಡ, ಚೆನ್ನಬಸಪ್ಪ. ಶಹಾಬಾದದ ಹೊರಗೆ ಅವರದೊಂದು ಕಲ್ಲಿನ ಖಣಿ, ಅದರ ಪಕ್ಕದಲ್ಲೇ ಪಾಲಿಶ್ ಮಷಿನ್ನಿನ ಶೆಡ್ಡು, ಹಿಂದೆ ಮನೆ. ಅತ್ತೆ ಸೇಡಂನಲ್ಲಿ ಹೈಸ್ಕೂಲ್ ಮಾಸ್ತರಿಣಿ, ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಹೀಗಾಗಿ ಗಂಡ ಹೆಂಡತಿ ವಾರವೆಲ್ಲ ಬೇರೆ ಊರು. ನಾನು ಚಿಂಚೋಳಿ ತಾಲೂಕಿನ ಕೊಡ್ಲಿಯ ಹುಡುಗಿ, ಬಿ.ಎ. ಓದಲು ಬಂದು ಅತ್ತೆಯ ಜೊತೆ ಸೇಡಂನಲ್ಲಿದ್ದೆ. ಶನಿವಾರ ಮಧ್ಯಾಹ್ನ ಇಬ್ಬರೂ ಪ್ಯಾಸೆಂಜರ್ ರೈಲು ಹತ್ತಿ, ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ರೈಲಿಗೆ ಶಹಾಬಾದಕ್ಕೆ ಹೋಗುತ್ತಿದ್ದೆವು. ವಾಡಿಯಲ್ಲಿ ಎರಡನೆಯ ರೈಲು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನುತ್ತ ಅತ್ತೆ ನನಗೆ ಜಗತ್ತಿನ ಭೂಗೋಳ ಹೇಳುತ್ತಿದ್ದರು. ನಾನು ಹೊಸದಾಗಿ ಕಲಿತ ದೊಡ್ಡ ದೊಡ್ಡ ಪದಗಳನ್ನು ಅವರಿಗೆ ತಿರುಗಿ ಒಪ್ಪಿಸುತ್ತಿದ್ದೆ. ‘ತಲಾ ಆದಾಯ’ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ನನಗೆ ಊಟ ಇಳಿಯುತ್ತಿರಲಿಲ್ಲ.

ಆ ವರ್ಷ ಶಿಕ್ಷಕರ ತರಬೇತಿಯಲ್ಲಿ ಒಂದು ಮಾದರಿ ಪಾಠ ಮಾಡಿ ತೋರಿಸಬೇಕೆಂದು ಅತ್ತೆಗೆ ಹೇಳಿದ್ದರು. ಎರಡು ಸಣ್ಣ ದೇಶಗಳ ಆರ್ಥಿಕತೆಯ ಹೋಲಿಕೆ ಎಂದು ಅತ್ತೆಯೇ ವಿಷಯ ಆರಿಸಿಕೊಂಡರು. ಅಟ್ಲಾಸು ತೆಗೆದು ಎಲ್ಲಕ್ಕಿಂತ ಸಣ್ಣ ಚುಕ್ಕೆ ಹುಡುಕಿದರು. ಪೆಸಿಫಿಕ್ ಸಾಗರದ ನಡುವೆ ಚುಕ್ಕೆಗಿಂತ ಹೆಸರೇ ದೊಡ್ಡದಾಗಿ ಕಂಡದ್ದು ನೌರು. ಅದರ ಎದುರಿಗೆ ನಿಲ್ಲಿಸಲು ಹಿಂದೂ ಮಹಾಸಾಗರದ ಮಾರಿಷಸ್. ಎರಡರ ಬಗ್ಗೆಯೂ ನಾನು ಕಾಲೇಜು ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟೆ.

ನೌರುವಿನ ಕಥೆ ಸರಳ. ನೆಲದಡಿ ಫಾಸ್ಫೇಟ್ ಇತ್ತು, ಗೊಬ್ಬರಕ್ಕೆ ಬಹಳ ಬೇಡಿಕೆ. ಮೊದಲು ಪರದೇಶದವರು ವರ್ಷಾನುಗಟ್ಟಲೆ ತೋಡಿದರು. ಸ್ವಾತಂತ್ರ್ಯ ಬಂದ ಮೇಲೆ ಊರಿನವರೇ ತೋಡಿಸಿ ಮಾರಿದರು. ಒಂದು ಕಾಲಕ್ಕೆ ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿ ಅವರ ಹೆಸರಿತ್ತು, ತೆರಿಗೆ ಕಟ್ಟುವ ಗೊಡವೆಯೂ ಇರಲಿಲ್ಲ. ನಾಳೆಗೆಂದು ಕೂಡಿಟ್ಟ ದುಡ್ಡು ಹೊರದೇಶದ ಕಟ್ಟಡಗಳಲ್ಲಿ, ಕೆಟ್ಟ ವ್ಯವಹಾರಗಳಲ್ಲಿ ಕರಗಿತು. ಫಾಸ್ಫೇಟೂ ಮುಗಿಯುತ್ತ ಬಂತು. ದ್ವೀಪದ ನಡುಭಾಗದಲ್ಲಿ ಉಳಿದದ್ದು ಚೂಪುಚೂಪಾದ ಸುಣ್ಣದ ಕಲ್ಲಿನ ಕಂಬಗಳು. ಮಾರಿಷಸ್‌ನದು ಕಬ್ಬು. ನಮ್ಮ ದೇಶದ ಕೂಲಿಗಳನ್ನೇ ಹಡಗಿನಲ್ಲಿ ಒಯ್ದು ಬೆಳೆಸಿದ ಕಬ್ಬು. ಅವರಿಗೂ ಬಹುಕಾಲ ಸಕ್ಕರೆ ಬಿಟ್ಟರೆ ಗತಿ ಇರಲಿಲ್ಲ. ಆದರೆ ಸಕ್ಕರೆ ನಡೆಯುತ್ತಿರುವಾಗಲೇ ಬಟ್ಟೆ ಹೊಲಿಯುವ ಕಾರ್ಖಾನೆ, ಪ್ರವಾಸಿಗಳು, ಆಮೇಲೆ ಬ್ಯಾಂಕುಗಳು ಎಂದು ಒಂದರ ಪಕ್ಕ ಒಂದು ಕಟ್ಟಿಕೊಂಡರು. ಅತ್ತೆ ಇದನ್ನು ಎರಡು ಅಂಕಣಗಳಲ್ಲಿ ಬರೆದರು.

ಅದೇ ಹೊತ್ತಿಗೆ ಮಾವನ ವ್ಯಾಪಾರಕ್ಕೆ ಕುತ್ತು ಬಂದಿತ್ತು. ಹೊಸ ಮನೆ ಕಟ್ಟುವವರು ಫರಸಿ ಕೇಳುವುದು ಬಿಟ್ಟು ಟೈಲ್ಸ್ ಕೇಳತೊಡಗಿದ್ದರು. ಪಾಲಿಶ್ ಆದ ಕಲ್ಲುಗಳು ಶೆಡ್ಡಿನ ಗೋಡೆಗೆ ಒರಗಿ ನಿಂತೇ ಇದ್ದವು. ಮಾವ ಕೈ ಕಟ್ಟಿ ಕೂರುವವರಲ್ಲ. ಬೆಳಗಾಗುವ ಮೊದಲೇ ಖಣಿಯಲ್ಲಿರುತ್ತಿದ್ದರು, ಬೆರಳ ಗಂಟಿನಿಂದ ಕಲ್ಲು ಬಡಿದು ಸಪ್ಪಳದಲ್ಲೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ತಮ್ಮ ಖಣಿಯ ಮೇಲಿನ ಒಳ್ಳೆಯ ಪದರ ಮುಗಿದದ್ದರಿಂದ ಗಿರಾಕಿ ಹೋದರು ಎಂಬುದು ಅವರ ಲೆಕ್ಕ. ಹೊಸ ಜಾಗದಲ್ಲಿ ನುಣುಪಾದ ಕಲ್ಲು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದರು. ಆ ಹೊಸ ಜಾಗ ಎಂದರೆ ಚಿತ್ತಾಪುರದ ದಾರಿಯಲ್ಲಿದ್ದ ಹೊಲ. ನೌಕರಿಯ ಮೊದಲ ವರ್ಷಗಳಲ್ಲಿ ಅತ್ತೆ ತಮ್ಮ ಸಂಬಳದಲ್ಲಿ ಕೊಂಡು, ತಮ್ಮ ಹೆಸರಿಗೇ ಮಾಡಿಸಿಕೊಂಡಿದ್ದ ಹೊಲ. ಅದರಲ್ಲಿ ತೊಗರಿ ಬೆಳೆಯುತ್ತಿತ್ತು.

ಮಾವ ಕೇಳಿದಾಗ ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಈ ಮಾದರಿ ಪಾಠ ಒಂದು ಮುಗಿಯಲಿ, ಆಮೇಲೆ ನೋಡೋಣ ಎಂದರು. ನನಗೆ ಆಗ ಅದು ಬರೀ ಕೆಲಸದ ಗಡಿಬಿಡಿ ಅನಿಸಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಒಮ್ಮೆ ಓದಿ ನೋಡುತ್ತೇನೆ, ಕೇಳಿರಿ ಎಂದು ಅತ್ತೆ ಮಾವನನ್ನು ಕೂರಿಸಿದರು. ಮಷಿನ್ನಿಗೆ ಅಂದು ರಜೆ. ಆದರೂ ಶೆಡ್ಡಿನ ಒದ್ದೆ ಕಲ್ಲಿನ ವಾಸನೆ ಮನೆಯೊಳಗೆ ತುಂಬಿತ್ತು. ಮಾವ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳಿದರು. ಒಂದು ಗೈಡಿನಿಂದ ಅತ್ತೆ ಒಂದು ಸಾಲು ಎತ್ತಿಕೊಂಡಿದ್ದರು, ಸುಲಭದ ಸಂಪತ್ತು ನೌರುವಿನ ಜನರನ್ನು ಸೋಮಾರಿಗಳನ್ನಾಗಿ ಮಾಡಿತು ಎಂದು. ಅಲ್ಲಿಗೆ ಬಂದಾಗ ಮಾವ ಕಣ್ಣು ತೆರೆದರು.

“ಸೋಮಾರಿ ಅಂತ ಯಾರ್ ಬರದಾರ?”

“ಗೈಡಿನಾಗ ಅದರಿ.”

“ಬರದವ್ರು ಖಣಿ ನೋಡ್ಯಾರೇನು?”

ಅತ್ತೆ ಹಾಳೆ ತಿರುವಿದರು. ಮಾವ ಅವರ ಮುಖ ನೋಡಿ ಮೆಲ್ಲಗೆ ಕೇಳಿದರು:

“ಶಾಂತಾ, ಇದು ಸಾಲಿ ಮಕ್ಕಳಿಗಿ ಬರದದ್ದೊ, ನನಗೊ?”

“ಇಬ್ಬರಿಗೂ,” ಎಂದರು ಅತ್ತೆ.

ಮಾವ ಎದ್ದು ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ, ರಜೆಯ ದಿನದಲ್ಲೂ, ಮಷಿನ್ನಿನ ಸಪ್ಪಳ ಶುರುವಾಯಿತು. ಆಮೇಲಿನ ಕೆಲವು ವಾರ ಅವರು ನಮ್ಮೊಂದಿಗೆ ಬೇಕಾದಷ್ಟೇ ಮಾತಾಡಿದರು, ರೊಟ್ಟಿ ಸಾಕು, ರೈಲಿಗೆ ಹೊತ್ತಾಯಿತು, ಇಷ್ಟೇ. ಅತ್ತೆ ಸೇಡಂಗೆ ಬಂದು ಎಂದಿನಂತೆ ಪಾಠ ಮಾಡುತ್ತಿದ್ದರು. ಆದರೆ ಒಂದು ಸಂಜೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿದ್ದರೂ ಅದನ್ನೇ ನೋಡುತ್ತ ನಿಂತಿದ್ದರು. ಹಾಗೆ ಅವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ದಿನ ಮಾವ ನನಗೆ ಫೋನು ಮಾಡಿದರು. ಮಾರಿಷಸ್ ಬಗ್ಗೆ ಇರುವುದೆಲ್ಲ ತಂದುಕೊಡಲು ಹೇಳಿದರು. ನನಗೆ ಉತ್ಸಾಹವೋ ಉತ್ಸಾಹ, ಪುಸ್ತಕಗಳ ಜೊತೆ ನನ್ನ ನೋಟ್ಸನ್ನೂ ಕಳಿಸಿದೆ. ನೋಟ್ಸು ಹೇಗಿದ್ದವು ಮಾಮಾ ಎಂದು ಆಮೇಲೆ ಕೇಳಿದಾಗ, ಅಕ್ಷರ ಚಂದ ಇವೆ ಎಂದರು.

ಮುಂದಿನ ಶನಿವಾರ ನಾವು ವಾಡಿಯಲ್ಲಿ ಇಳಿದರೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಾವ ಕುಳಿತಿದ್ದರು. ಮನೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲವಂತೆ. ಚಹಾ ಹೇಳಿ, ನೇರ ಮಾತಿಗೆ ಬಂದರು.

“ನಿನ್ನ ಮಾರಿಷಸ್‌ನವ್ರ ಸಕ್ರಿಗಿ ಯುರೋಪಿನವ್ರು ಒಳ್ಳೆ ರೇಟು ಕೊಡ್ತೀವಂತ ಮಾತು ಕೊಟ್ಟಿದ್ರು. ವರ್ಷಾನಗಟ್ಲೆ ಕೊಟ್ರು. ನನ್ನ ಕಲ್ಲಿಗಿ ಯಾರ್ ಮಾತು ಕೊಟ್ಟಾರ? ಹೋಲಿಕಿ ಮಾಡೂದಿದ್ರ ಪೂರ್ತಿ ಮಾಡು.”

ಅತ್ತೆ ಗ್ಲಾಸು ಕೆಳಗಿಟ್ಟರು. “ಖರೇ ಅದ. ಅದು ನಾ ಬರೀಲಿಲ್ಲ, ಬರೀಬೇಕಿತ್ತು. ಆದ್ರ ಆ ಒಳ್ಳೆ ರೇಟು ಬರೂ ದಿನದಾಗೇ ಅವ್ರು ಬಟ್ಟಿ ಕಾರ್ಖಾನಿ ಹಾಕಿದ್ರು. ಸಕ್ರಿ ನಿಂತ ಮ್ಯಾಲ ಹಾಕಲಿಲ್ಲ.”

“ನನಗ ಒಳ್ಳೆ ದಿನ ಎಲ್ಲಿ ಉಳದಾವ?”

“ಹೊಲ ಅದಲ್ಲ. ನನ್ನ ಹೆಸರಿಗದ ಅಂತ ನಾ ಅಡ್ಡ ಬರಂಗಿಲ್ಲ. ಬೇಕಂದ್ರ ತೋಡ್ರಿ. ಅದೂ ಮುಗದ ಮ್ಯಾಲ ಮತ್ತ ಯಾವ ಹೊಲ ಅಂತ ಅಷ್ಟ ಹೇಳ್ರಿ.”

ಮಾವ ಹಳಿಗಳ ಕಡೆ ನೋಡುತ್ತ ಕುಳಿತರು. ಹೊಲದ ಬಗ್ಗೆ ಅತ್ತೆ ನೇರವಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. ಅದಕ್ಕೆ ಪೆಸಿಫಿಕ್ ಸಾಗರದವರೆಗೆ ಸುತ್ತಿ ಬರಬೇಕಾಯಿತು. ನೆಟ್ಟಗೆ ಬೇಡವೆಂದಿದ್ದರೆ ಅದು ನನ್ನ ಹೊಲ, ನಿಮ್ಮ ವ್ಯಾಪಾರ ಎಂದಾಗುತ್ತಿತ್ತು ಎಂದು ಅತ್ತೆ ಬಹಳ ವರ್ಷಗಳ ನಂತರ ನನಗೆ ಹೇಳಿದರು. ಹಾಗೆ ಒಮ್ಮೆ ಬೇರೆ ಮಾಡಿದರೆ ಕೂಡಿಸುವುದು ಕಷ್ಟವಂತೆ.

ಹೊಲ ತೋಡುವುದೆಂದೇ ನಿಶ್ಚಯವಾಯಿತು. ಮಾವ ಜೆಸಿಬಿ ಗೊತ್ತುಮಾಡಿ, ಬೆಳಿಗ್ಗೆ ಅದರ ಜೊತೆಯೇ ಹೊಲಕ್ಕೆ ಹೋದರು. ಅತ್ತೆ ಅಂದು ಶಾಲೆಗೆ ರಜೆ ಹಾಕಿರಲಿಲ್ಲ. ನೋಡಲು ಹೋಗುವುದಿಲ್ಲ ಎಂದಿದ್ದರು. ಮಧ್ಯಾಹ್ನ ಮಾವ ಸೇಡಂನ ಮನೆಗೇ ಬಂದರು. ಬೂಟಿಗೆ ಕರಿ ಮಣ್ಣು ಹತ್ತಿತ್ತು. ಶಾಲೆಯಿಂದ ಬಂದ ಅತ್ತೆ ನೀರು ಕೊಟ್ಟರು.

“ತೊಗರಿ ಹೂವಿಗಿ ಬಂದದ,” ಎಂದರು ಮಾವ. “ಕಾಯಿ ಆಗ್ಲಿ ಅಂತ ಗಾಡಿ ವಾಪಸ್ ಕಳಿಸ್ದೆ.”

ಕಾಯಿಯಾಯಿತು, ರಾಶಿಯಾಯಿತು. ಮತ್ತೆ ಮಳೆ ಬಂದಾಗ ತೊಗರಿ ಬೀಜ ತಂದವರೂ ಮಾವನೇ. ಜೆಸಿಬಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅತ್ತೆ ಮಾದರಿ ಪಾಠವನ್ನು ಸೋಮಾರಿಗಳ ಸಾಲು ತೆಗೆದುಹಾಕಿ, ಯುರೋಪಿನ ಸಕ್ಕರೆ ದರ ಸೇರಿಸಿ, ಮಾಡಿ ತೋರಿಸಿದರು. ಪಾಠದಿಂದ ನೀತಿ ಏನೆಂದು ಸ್ಪಷ್ಟವಾಗಲಿಲ್ಲ ಎಂದು ತರಬೇತಿಯವರು ಆಕ್ಷೇಪಿಸಿದರಂತೆ.

ಮರುವರ್ಷ ಮಾವ ಸೇಡಂನಲ್ಲಿ ಅಂಗಡಿ ಹಾಕಿದರು. ಯಾವುದರದು ಎನ್ನುತ್ತೀರಿ? ಟೈಲ್ಸಿನದು. ಶಹಾಬಾದದ ಕಲ್ಲಿನ ವ್ಯಾಪಾರಿಗಳು ಅವರೆದುರೇ ನಕ್ಕರು, ಕೆಲವರು ಮಾತು ಬಿಟ್ಟರು. ಮಾವನಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಕೆಲವು ತಿಂಗಳು ಗಿರಾಕಿ ಟೈಲ್ಸು ಆರಿಸುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. ಆದರೂ ಅಂಗಡಿ ನಿಂತಿತು. ಗಂಡ ಹೆಂಡತಿ ಒಂದೇ ಊರಿನಲ್ಲಿ ಇರುವಂತಾಯಿತು.

ಖಣಿ, ಶೆಡ್ಡು ಎರಡೂ ಮುಚ್ಚಿದವು. ಅಲ್ಲಿ ದುಡಿಯುತ್ತಿದ್ದವರಿಗೆ ಅಷ್ಟು ಸಲೀಸಾಗಲಿಲ್ಲ. ಇಬ್ಬರು ಟೈಲ್ಸ್ ಕೂರಿಸುವ ಕೆಲಸ ಕಲಿತು ಅಂಗಡಿಗೆ ಬಂದರು. ಉಳಿದವರು ಸಿಮೆಂಟ್ ಮೂಟೆ ಹೇರಲು, ಪುಣೆಗೆ, ಹೀಗೆ ಚದುರಿದರು. ಎಲ್ಲರಿಗಿಂತ ಹಳಬಳಾದ ನಿಂಗಮ್ಮ ಕಾಳಗಿಯ ಮಗಳ ಮನೆಗೆ ಹೊರಟಾಗ ಮಾವ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದರು. ಅವಳು ಬಸ್ಸಿನಲ್ಲಿ ಕುಳಿತು ಕೇಳಿದಳಂತೆ, ಕಲ್ಲು ಇನ್ನೂ ಅಷ್ಟು ಇದೆ, ಕೆಲಸ ಹೇಗೆ ಮುಗಿಯಿತು ಎಂದು. ಮಾವ ಇದನ್ನು ಅತ್ತೆಗೆ ಹೇಳಿ, ನಿನ್ನ ಮಾರಿಷಸ್‌ನಲ್ಲಿ ಕಬ್ಬು ಕಡಿಯುವ ಮುದುಕಿಯರು ಏನಾದರು ಎಂದು ಕೇಳಿದರು. ಅತ್ತೆ ಇದ್ದ ಪುಸ್ತಕಗಳನ್ನೆಲ್ಲ ಮತ್ತೆ ತಿರುವಿ ಹಾಕಿದರು. ಸಿಗಲಿಲ್ಲ.

ನಾನು ಎಂ.ಎ. ಮುಗಿಸಿ ಕಾಲೇಜು ಸೇರಿದೆ. ಅತ್ತೆಯ ಎರಡು ಅಂಕಣಗಳನ್ನೇ ಪಾಠ ಮಾಡಿಕೊಂಡೆ, ಕೊನೆಗೊಂದು ನೀತಿಯನ್ನೂ ಅಂಟಿಸಿದೆ. ಪರೀಕ್ಷೆಗೆ ನೀತಿ ಬೇಕಲ್ಲ.

ನೆಲ ಕಿತ್ತ ವಾರದ ಕೊನೆಗೆ ಸೇಡಂಗೆ ಹೋಗಿದ್ದೆ. ಅತ್ತೆ ಈಗ ನಿವೃತ್ತರು. ಇಬ್ಬರೂ ಎಲ್ಲಿಯಾದರೂ ತಿರುಗಿ ಬರಲಿ ಎಂದು ಮನೆಯಲ್ಲಿ ಮಾತು ನಡೆದಿತ್ತು. ಸಹಜವಾಗಿಯೇ ಮಾರಿಷಸ್ ಎಂದೆ. ಅತ್ತೆಯ ಮುಖ ಅರಳಿತು. ಮಾವ ಪೇಪರು ಮಡಚಿಟ್ಟರು.

“ಅಲ್ಲಿಗಿ ಎಲ್ಲಾರೂ ಹೋಗ್ತಾರ. ನನಗ ಆ ಇನ್ನೊಂದು ನೋಡಬೇಕಾಗ್ಯದ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಈಗ ಏನ್ ಮಾಡ್ಲಿಕತ್ತಾರ ಅವ್ವಾ ಅವ್ರು?”

ನನಗೆ ಗೊತ್ತಿರಲಿಲ್ಲ. ನನ್ನ ಪಾಠದಲ್ಲಿ ಆ ದೇಶ ಫಾಸ್ಫೇಟಿನ ಜೊತೆಗೇ ಮುಗಿದುಹೋಗುತ್ತಿತ್ತು. ಅಲ್ಲಿ ಬೆಳಗಾಗುತ್ತದೆ, ಯಾರೋ ಅನ್ನಕ್ಕೆ ಇಡುತ್ತಾರೆ, ಮಕ್ಕಳಿಗೆ ಶಾಲೆಗೆ ತಡವಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಚಿತ್ತಾಪುರಕ್ಕೆ ಮರಳಿದವಳು ಕುಳಿತು ಹುಡುಕಿ ಓದಿದೆ. ಸುತ್ತಲಿನ ಸಮುದ್ರದಲ್ಲಿ ಮೀನು ಹಿಡಿಯಲು ಹೊರದೇಶದ ಹಡಗುಗಳಿಗೆ ಪರವಾನಗಿ ಕೊಟ್ಟು ಅದರ ಶುಲ್ಕ ಪಡೆಯುತ್ತಾರೆ. ಬೇರೆ ಸಣ್ಣ ದ್ವೀಪಗಳೊಂದಿಗೆ ಸೇರಿ ದರ ನಿಗದಿ ಮಾಡುತ್ತಾರೆ. ತೋಡಿದ ನೆಲವನ್ನು ಮತ್ತೆ ಬಳಕೆಗೆ ತರುವ ಪ್ರಯತ್ನವೂ ಇದೆ. ನಾಳೆಗೆಂದು ಹೊಸದಾಗಿ ನಿಧಿ ಇಟ್ಟಿದ್ದಾರೆ, ಈ ಸಲ ಕಾವಲು ಹಾಕಿ. ಮಾವನಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ.

“ಅಂದ್ರ ನಡಿಸ್ಯಾರ,” ಎಂದರು. ದನಿಯಲ್ಲಿ ಸಮಾಧಾನವಿತ್ತು. ಆಮೇಲೆ, ಗಿರಾಕಿ ಬಂದಿದ್ದಾರೆ ಎಂದು ಫೋನಿಟ್ಟರು.

ಸೋಮವಾರ ತರಗತಿಯಲ್ಲಿ ನೌರುವಿನ ಪಾಠ ಶುರುಮಾಡಿದೆ. ಈ ಸಲ ಮೀನಿನಿಂದ.