ಟೀಚರ್ ಮತ್ತೆ ನೋಡಿದ ಸರೋವರ

ಮೊನ್ನೆ ಹೆಗ್ಗದ್ದೆಯ ತೋಟದ ಕೆರೆಯ ಬಳಿ ಕೊಳೆತ ಎಲೆಗಳ ವಾಸನೆ ಮೂಗಿಗೆ ಬಡಿದದ್ದೇ, ದೋಣಿಗಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್ ನೆನಪಾದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಒಬ್ಬರೇ ಇದ್ದರು.

ಪ್ರಾಯದಲ್ಲಿ ಅವರು ಉತ್ತರದ ಚಳಿದೇಶವೊಂದಕ್ಕೆ ಸಂಶೋಧನೆಗೆಂದು ಹೋಗಿದ್ದರಂತೆ. ಅಲ್ಲಿನ ಸರೋವರಗಳ ನೀರು ಚಹಾದಂತೆ ಕಂದು. ಕಾಡಿನ ಎಲೆಯ, ಮಣ್ಣಿನ ಸಾರ ಅದರಲ್ಲಿ ಕರಗಿರುತ್ತದೆ. ಬೇಸಿಗೆಯ ಬಿಸಿಲು ಆ ಸಾರವನ್ನು ಮೆಲ್ಲಗೆ ಒಡೆಯುತ್ತದೆ. ಎಷ್ಟು ಒಡೆಯಿತೆಂದು ಅಳೆಯುವುದು ಅವರ ಕೆಲಸವಾಗಿತ್ತು. ಅಷ್ಟರಲ್ಲಿ ಊರಿನಲ್ಲಿ ತಾಯಿಗೆ ಲಕ್ವ ಹೊಡೆಯಿತು. ಅರ್ಧಕ್ಕೇ ಬಿಟ್ಟು ಬಂದವರು ವರ್ಷಗಟ್ಟಲೆ ಮತ್ತೆ ಹೋಗಲಿಲ್ಲ...

ನಾನು ಬಿಎಸ್ಸಿ ಓದುವಾಗ ಅವರ ತಾರಸಿಯ ಮೇಲೆ ಎರಡು ಬಾಟಲಿ ಕಂಡೆ. ಎರಡರಲ್ಲೂ ಹೆಗ್ಗದ್ದೆ ಕೆರೆಯ ಸೋಸಿದ ನೀರು; ಒಂದಕ್ಕೆ ಕಪ್ಪು ಬಟ್ಟೆ ಸುತ್ತಿದ್ದರು. ಬೇಸಿಗೆ ಮುಗಿಯುವಾಗ ಬಟ್ಟೆ ಬಿಚ್ಚಿ ಎರಡನ್ನೂ ಅಕ್ಕಪಕ್ಕ ಹಿಡಿದರು. ಬಿಸಿಲು ಕಂಡ ನೀರಿನ ಬಣ್ಣ ಎಷ್ಟೋ ತಿಳಿಯಾಗಿತ್ತು.

"ಬಣ್ಣ ಎಲ್ಲಿಗೋಯ್ತು ಟೀಚರ್?"

"ಸ್ವಲ್ಪ ಗಾಳಿಗೆ ಸೇರ್ಕಂತು. ಸ್ವಲ್ಪ ಚೂರುಚೂರಾಗಿ ನೀರಲ್ಲೇ ಐತೆ ಕಣೆ. ಆ ಸರೋವರದಾಗೂ ಹಿಂಗಾಗೋದು ನೋಡ್ಬೇಕಿತ್ತು..."

ಆ ವರ್ಷವೇ, ಆ ಚಳಿದೇಶದಲ್ಲಿ ಪ್ರೊಫೆಸರ್ ಆಗಿದ್ದ ಅವರ ಹಳೆಯ ಗೆಳತಿ, ಒಂದು ಬೇಸಿಗೆಗಾದರೂ ಬಾ ಎಂದು ಕರೆದರು. ಟೀಚರ್‌ಗೆ ಹೆದರಿಕೆ. ಈ ವಯಸ್ಸಿನಲ್ಲಿ ಏನು ಎಂದು ತಳ್ಳಿಹಾಕಿದರು. ನನ್ನಮ್ಮ ಬಿಡಲಿಲ್ಲ.

"ನಿಮ್ಮಮ್ಮನ್ನ ಕೊನೇತನಕ ನೋಡ್ಕಂಡ್ರಿ. ಈಗ ನಿಮಗೋಸ್ಕರ ಹೋಗ್ಬನ್ನಿ ಟೀಚರ್. ಮನೆ, ಬೆಕ್ಕು ಎಲ್ಲಾ ನಮಗೆ ಬುಡಿ."

ಹೋದರು. ಒಂದು ಬೆಳಿಗ್ಗೆ ವಿಡಿಯೋ ಕಾಲ್ ಬಂತು. ನಮ್ಮಪ್ಪನ ಸ್ವೆಟರ್ ತೊಟ್ಟು ದೋಣಿಯಲ್ಲಿ ಕೂತಿದ್ದರು. ಗೆಳತಿ ಹುಟ್ಟು ಹಾಕುತ್ತಿದ್ದರು. "ಇಲ್ಲಿ ಊರಿಗೂರೇ ಮಲಗೈತೆ, ಬಿಸಿಲು ಆಗ್ಲೇ ಬಂದ್ಬುಟ್ಟೈತೆ ಕಣೆ!" ಎಂದು ಫೋನನ್ನು ನೀರಿನತ್ತ ತಿರುಗಿಸಿದರು. ಕಂದು ನೀರು, ಅದರೊಳಗೆ ಅದ್ದಿದ ಅವರ ಬೆರಳುಗಳಷ್ಟೇ ನನಗೆ ಕಂಡದ್ದು. ದನಿ ಕೇಳಿದರೆ ನಗುತ್ತಿದ್ದರೋ ಅಳುತ್ತಿದ್ದರೋ...

ಊರಿಗೆ ಬಂದ ಮೇಲೆ ಟೀಚರ್ ಹೆಚ್ಚು ಕಾಲ ಇರಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಈಗ ಕೆರೆನೀರಿನ ಪರೀಕ್ಷೆಯೇ ನನ್ನ ಕೆಲಸ. ಮೊನ್ನೆ ಹೆಗ್ಗದ್ದೆಯಿಂದ ಹಿಂತಿರುಗುವಾಗ, ಇನ್ನೂ ಅಳಿಸದ ಅವರ ನಂಬರನ್ನು ಸುಮ್ಮನೆ ಒತ್ತಿದೆ. ನಂಬರ್ ಈಗ ಬೇರೆಯವರದಾಗಿತ್ತು; ಯಾರೋ ಗಂಡಸು ಎತ್ತಿದರು.

"ಯಾರ್ ಬೇಕಿತ್ತು?"

"ನಮ್ಮ ಟೀಚರ್."

ಅವರು ಮೆತ್ತಗೆ, "ಇಲ್ಲಿ ಇಲ್ವಲ್ಲಮ್ಮಾ," ಎಂದರು.