ಭಾಲ್ಕಿಯಲ್ಲಿ ಅತ್ತೆ ನೋಡಿದ ಸಿನಿಮಾ

ಶುಕ್ರವಾರ ಬಂದ ಹೊಸ ಸಿನಿಮಾ ನೋಡಿ, ಭಾನುವಾರ ಬೆಳಿಗ್ಗೆ ಬೀದರಿನ ಮೈಲೂರಿನಲ್ಲಿ ನಾನಿರುವ ಮನೆಯ ಮಾಳಿಗೆಯ ಮೇಲೆ ಕುಳಿತು ಅದರ ಬಗ್ಗೆ ಮಾತಾಡುವುದು ಕೆಲವು ವರ್ಷಗಳಿಂದ ನನ್ನ ರೂಢಿ. ಕೆಲಸ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ. ಅಲ್ಲಿಯ ಗೆಳತಿಯೇ ಫೋನ್ ಹಿಡಿದು ನನ್ನ ವಿಡಿಯೊ ತೆಗೆಯುವವಳು. ಅವಳ ಮನೆಮಾತು ದಖನಿ ಉರ್ದು, ನನ್ನದು ಕನ್ನಡ, ಇಬ್ಬರಿಗೂ ಸಾಮಾನ್ಯವಾದ ಹುಚ್ಚು ಸಿನಿಮಾ. ನಾನು ವಿಮರ್ಶಕಿಯಲ್ಲ. ಕ್ಯಾಮೆರಾ ಎಲ್ಲಿಟ್ಟಿದ್ದರು, ಎಲ್ಲಿ ಕತ್ತರಿಸಿದರು ಎಂಬುದೆಲ್ಲ ನನಗೆ ತಿಳಿಯುವುದಿಲ್ಲ. ಟಿಕೆಟ್ ತೆಗೆಸಿ ಒಳಗೆ ಕೂತವಳಿಗೆ ಏನನ್ನಿಸಿತೋ ಅದನ್ನು ಬೀದರಿನ ಮಾತಿನಲ್ಲೇ ಹೇಳುತ್ತೇನೆ. ಕೇಳುವವರು ಬಹಳ ಮಂದಿಯಲ್ಲ, ಆದರೆ ಕೇಳುವವರು ಬಿಡದೆ ಕೇಳುತ್ತಾರೆ.

ಹೊಸ ಸಿನಿಮಾ ಬಾರದ ವಾರ ಹಳೆಯದನ್ನು ಎತ್ತಿಕೊಳ್ಳುತ್ತೇನೆ. ಹಾಗೆ ಒಂದು ವಾರ ಎತ್ತಿಕೊಂಡದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಕಪ್ಪು-ಬಿಳುಪು ಚಿತ್ರ. ದೊಡ್ಡ ವಕೀಲನೊಬ್ಬನ ಹೆಂಡತಿ ಗಂಡನ ಅನುಮಾನ ತಾಳಲಾರದೆ ಮನೆ ಬಿಡುತ್ತಾಳೆ. ಅಕ್ಕನ ಮನೆಯಲ್ಲಿದ್ದು ಕಷ್ಟಪಡುತ್ತಾಳೆ. ಕೊನೆಗೆ ಅವಳೇ ತಿರುಗಿ ಬಂದು ಗಂಡನ ಕಾಲಿಗೆ ಬೀಳುತ್ತಾಳೆ. ತಪ್ಪು ಅವನದು, ಕ್ಷಮೆ ಕೇಳುವವಳು ಅವಳು.

ಈ ಚಿತ್ರಕ್ಕೂ ನಮ್ಮ ಮನೆತನಕ್ಕೂ ಒಂದು ನಂಟಿದೆ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಮದುವೆಯಾದ ಎರಡನೆಯ ವರ್ಷ ಔರಾದಿನ ಗಂಡನ ಮನೆ ಬಿಟ್ಟು ಭಾಲ್ಕಿಯ ತವರಿಗೆ ಬಂದುಬಿಟ್ಟಿದ್ದರು. ಯಾರು ಹೇಳಿದರೂ ಹಿಂದಿರುಗಲು ಒಪ್ಪಿರಲಿಲ್ಲ. ಆಗ ಭಾಲ್ಕಿಯ ಟಾಕೀಸಿಗೆ ಈ ಚಿತ್ರ ಬಂತು. ಅಜ್ಜ ಉಪದೇಶ ಮಾಡುವುದನ್ನು ನಿಲ್ಲಿಸಿ ಇಡೀ ಮನೆಯವರನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರು. ಕೊನೆಯ ದೃಶ್ಯಕ್ಕೆ ಹೆಂಗಸರ ಕಡೆಯಿಂದ ಅಳು ಕೇಳಿಬಂತಂತೆ. ಎರಡು ದಿನದಲ್ಲಿ ಅತ್ತೆ ಔರಾದಿಗೆ ಹೊರಟು ನಿಂತರು. ಒಂದು ಸಿನಿಮಾ ಒಡೆದ ಸಂಸಾರವನ್ನು ಕೂಡಿಸಿತು ಎಂದು ಅಪ್ಪ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಸಿನಿಮಾದ ಮೇಲೆ ಭಕ್ತಿ ಹುಟ್ಟಿದ್ದೇ ಈ ಕಥೆಯಿಂದ. ಬೆಳಕೂ ನೆರಳೂ ಸೇರಿ ಒಬ್ಬ ಹೆಣ್ಣುಮಗಳ ಮನಸ್ಸು ತಿರುಗಿಸಬಹುದಾದರೆ ಅದು ಸಣ್ಣ ವಿದ್ಯೆಯಲ್ಲ ಎಂದು ಸಣ್ಣವಳಿದ್ದಾಗಲೇ ನಂಬಿದ್ದೆ.

ಹಾಗಾಗಿ ಆ ಭಾನುವಾರ, ಈ ಕೊನೆ ಇವತ್ತಿನ ಹೆಣ್ಣುಮಕ್ಕಳಿಗೆ ಒಪ್ಪಿಗೆಯಾಗುವಂಥದ್ದಲ್ಲ, ನನಗೂ ಒಪ್ಪಿಗೆಯಿಲ್ಲ, ಆದರೆ ಇದೇ ಕೊನೆ ನಮ್ಮ ಮನೆಯ ಒಬ್ಬರ ಬದುಕನ್ನು ನೆಟ್ಟಗೆ ಮಾಡಿತು ಎಂದು ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಔರಾದಿನಿಂದ ಅತ್ತೆಯ ಫೋನು. ಅವರು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಬೈಯುತ್ತಾರೆ ಅಂದುಕೊಂಡೆ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನ ಆರೋಗ್ಯ, ಲ್ಯಾಬಿನ ಕೆಲಸ ಎಲ್ಲ ವಿಚಾರಿಸಿದರು. ಆಮೇಲೆ ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ಬಾ, ಆ ಸಿನಿಮಾ ನನ್ನ ಜೊತೆ ಕೂತು ಇನ್ನೊಮ್ಮೆ ನೋಡು ಅಂದರು.

ಔರಾದಿನ ದಾರಿಯಲ್ಲಿ ಬಸ್ಸು ಸಂತಪುರ ದಾಟುವವರೆಗೂ ನನಗೆ ಅಳುಕೇ ಇತ್ತು. ಮನೆ ಮುಟ್ಟಿದಾಗ ಅತ್ತೆ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟು ದಾರಿ ನೋಡುತ್ತಿದ್ದರು. ಮಾವ, ಅಂದರೆ ಅತ್ತೆಯ ಗಂಡ, ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಗ-ಸೊಸೆ ಅಂದು ಹೊಲಕ್ಕೆ ಹೋಗಿದ್ದರು. ಊಟ ಮುಗಿಸಿ, ಕಿಟಕಿಗೆ ದಪ್ಪ ಚಾದರ ಕಟ್ಟಿ, ಟಿವಿಗೆ ನನ್ನ ಫೋನ್ ಜೋಡಿಸಿದೆವು.

ಅತ್ತೆ ಮೊದಲ ಭಾಗವನ್ನು ಪಾಠ ಕೇಳುವವರಂತೆ ನೋಡಿದರು. ಹಾಡು ಬಂದಾಗ ತುಟಿ ಅಲುಗಿತು. ಮಧ್ಯಂತರ ದಾಟಿದ ಮೇಲೆ ಮುಂದಕ್ಕೆ ಸರಿದು ಕೂತು, "ಈಗ ಬರ್ತದ ನೋಡು" ಅಂದರು. ಹಾಡೊಂದರ ನಡುವೆ ನಾಯಕಿ ಅಕ್ಕನ ಮನೆಯ ಕಟ್ಟೆಯ ಮೇಲೆ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು ಅಕ್ಷರ ಕಲಿಸುತ್ತಾಳೆ. ಒಂದು ಹುಡುಗಿಯ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸುತ್ತಾಳೆ. ಅಷ್ಟರಲ್ಲಿ ದೃಶ್ಯ ಬದಲಾಯಿತು. ನಾನು ಈ ಚಿತ್ರವನ್ನು ಹಲವು ಸಲ ನೋಡಿದ್ದೇನೆ, ಒಮ್ಮೆಯೂ ಅದನ್ನು ಗಮನಿಸಿರಲಿಲ್ಲ.

"ಇಷ್ಟೇ ಇತ್ತಾ?" ಅಂದರು ಅತ್ತೆ. ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದರು. ಅವರ ನೆನಪಿನಲ್ಲಿ ಅದು ದೊಡ್ಡ ಭಾಗವಂತೆ. ನಾಯಕಿ ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ನೀಟಾಗಿ ಸೀರೆ ಉಟ್ಟು, ಹುಡುಗಿಯರಿಗಾಗಿ ಕಾಯುತ್ತಿದ್ದಳಂತೆ. ಅದರಲ್ಲಿ ಹೆಚ್ಚಿನದನ್ನು ತಾವೇ ಸೇರಿಸಿಕೊಂಡಿರಬೇಕು ಎಂದು ನಕ್ಕರು.

ಆಮೇಲೆ ಅವರು ಟಿವಿ ನಿಲ್ಲಿಸಲು ಹೇಳಿ, ನನಗೆ ಗೊತ್ತಿರದ ಕಥೆ ಹೇಳಿದರು. ಮದುವೆಗೆ ಮೊದಲು, ಹುಡುಗಿಯನ್ನು ಶಿಕ್ಷಕರ ತರಬೇತಿಗೆ ಕಳಿಸುತ್ತೇವೆ ಎಂದು ಗಂಡಿನ ಕಡೆಯವರು ಒಪ್ಪಿಕೊಂಡಿದ್ದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಒಂದು ದಿನ ಮನೆಗೆ ನೆಂಟರು ಬಂದಿದ್ದಾಗ ಅತ್ತೆ ಅದನ್ನು ಮತ್ತೆ ಕೇಳಿದರು. ಮಾವ ಎಲ್ಲರೆದುರಿಗೆ ಕೆನ್ನೆಗೆ ಹೊಡೆದರು. ಅಂದೇ ಅತ್ತೆ ಭಾಲ್ಕಿಯ ಬಸ್ಸು ಹತ್ತಿದರು.

"ಮತ್ತ ಸಿನಿಮಾದ ಕೊನಿ ನೋಡಿ ಮನಸ್ಸು ಕರಗಿತು ಅಂತಾರಲ್ರಿ?" ಎಂದು ಕೇಳಿದೆ.

"ನಾ ಕೊನಿ ನೋಡೇ ಇಲ್ಲವ್ವ," ಅಂದರು.

ಆಗ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜಾಗ, ನಡುವೆ ಅಡ್ಡಗೋಡೆ. ಕೊನೆಕೊನೆಗೆ ಸೆಕೆಗೆ ಅಜ್ಜಿಗೆ ತಲೆ ತಿರುಗಿದಂತಾಯಿತು. ಅತ್ತೆ ಅವರನ್ನು ಹಿಡಿದುಕೊಂಡು ಹೊರಗೆ ಬಂದರು. ಸೋಡಾ ಕುಡಿಸಿ, ಮೆಟ್ಟಿಲ ಮೇಲೆ ಕೂಡಿಸಿದರು. ಒಳಗೆ ಹೆಂಗಸರು ಅಳುವುದು ಇಬ್ಬರಿಗೂ ಕೇಳುತ್ತಿತ್ತು. ಅಜ್ಜಿ ಸುಧಾರಿಸಿಕೊಂಡು, ಮಗಳನ್ನು ಹತ್ತಿರ ಕರೆದು, ನಿನಗೆ ಏನಾಗಬೇಕು ಹೇಳು ಅಂದರಂತೆ. ಅಲ್ಲಿಯವರೆಗೆ ಎಲ್ಲರೂ ಏನು ಮಾಡಬೇಕೆಂದು ಹೇಳಿದ್ದರೇ ಹೊರತು, ಏನು ಬೇಕೆಂದು ಯಾರೂ ಕೇಳಿರಲಿಲ್ಲ. ಅತ್ತೆಯ ಕಣ್ಣಿನಲ್ಲಿ ಇನ್ನೂ ಆ ಕಟ್ಟೆ, ಆ ಹುಡುಗಿಯರು. ನಾನೂ ಹಾಗೆ ಕಲಿಸಬೇಕು ಅಂದರು. "ಹಂಗಾದ್ರ ನಿನ್ನ ಗಂಡ ಕಲಿಸಾಕ ಬಿಡ್ತೇನಿ ಅಂದ್ರ ಹೋಗು, ಇಲ್ಲಾಂದ್ರ ಇಲ್ಲೇ ಇರು. ನಿಮ್ಮಪ್ಪಗ ನಾ ಹೇಳ್ತೇನಿ," ಅಂದರಂತೆ ಅಜ್ಜಿ.

ಅಜ್ಜಿ ಹೇಳುವ ಪ್ರಸಂಗವೇ ಬರಲಿಲ್ಲ. ಹೊರಗೆ ಬಂದ ಅಜ್ಜ ಮಗಳ ಒದ್ದೆ ಕಣ್ಣು ನೋಡಿ, ಸಿನಿಮಾ ನೋಡಿಯೇ ಅತ್ತಿದ್ದಾಳೆ ಎಂದು ಖುಷಿಯಾಗಿಬಿಟ್ಟರು. ಮಾರನೆಯ ದಿನವೇ ಔರಾದಿಗೆ ಹೇಳಿ ಕಳಿಸಿದರು. ಮಾವ ಕರೆಯಲು ಬಂದಾಗ ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ತಮ್ಮ ಷರತ್ತು ಹೇಳಿದರು: ತರಬೇತಿಗೆ ಕಳಿಸಬೇಕು, ಇನ್ನೊಮ್ಮೆ ಕೈ ಎತ್ತಿದರೆ ತವರಿಗೆ ಹೋದವಳು ತಿರುಗಿ ಬರುವವಳಲ್ಲ. ಮಾವ ಹಾಗೇ ಆಗಲಿ ಅಂದದ್ದು ಔರಾದಿನಲ್ಲಿ ಇಳಿದ ಮೇಲೆಯಂತೆ. ಅವರ ತಾಯಿ ಬಹಳ ದಿನ ಮುಖ ಗಂಟು ಹಾಕಿಕೊಂಡಿದ್ದರು. ಆದರೂ ಮಾವ ಮಾತಿಗೆ ತಪ್ಪಲಿಲ್ಲ. ಅತ್ತೆ ಅಷ್ಟನ್ನು ಒತ್ತಿ ಹೇಳಿದರು.

ಸಿನಿಮಾ ಮುಂದುವರಿಸಲೇ ಎಂದು ಕೇಳಿದೆ. ಹೂಂ ಅಂದರು. ಹಾಗೆ, ಎಪ್ಪತ್ತು ದಾಟಿದ ಮೇಲೆ, ಇಡೀ ಮನೆತನ ಅವರ ಹೆಸರಿಗೆ ಹಚ್ಚಿದ್ದ ಆ ಕೊನೆಯ ದೃಶ್ಯವನ್ನು ಅತ್ತೆ ಮೊದಲ ಸಲ ನೋಡಿದರು. ನಾಯಕಿ ಹೊಸ್ತಿಲು ದಾಟಿದಳು, ಗಂಡನ ಪಾದ ಹಿಡಿದಳು, ಅವನು ದೊಡ್ಡ ಮನಸ್ಸು ಮಾಡಿದವನಂತೆ ಅವಳನ್ನು ಎಬ್ಬಿಸಿದ. ಅತ್ತೆ ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಆಗ ಇದು ನೋಡಿದ್ರ ನಾ ತಿರುಗಿ ಔರಾದಿಗೆ ಹೋಗ್ತಿದ್ದಿಲ್ಲ," ಅಂದರು ಕಡೆಗೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಜ್ಜ ಅಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾಗ ತಾಯಿಗೂ ಮಗಳಿಗೂ ಅದನ್ನು ಕೆಡಿಸುವ ಮನಸ್ಸಾಗಲಿಲ್ಲವಂತೆ. ಅಜ್ಜನ ನಂತರ ಅಪ್ಪ ಹೇಳತೊಡಗಿದರು. ಮನೆಯೊಳಗಿನ ಮಾತು, ಇರಲಿ ಬಿಡು ಅಂದುಕೊಂಡಿದ್ದರು. ಈಗ ನಾನು ಊರಿಗೆಲ್ಲ ಹೇಳಿದ ಮೇಲೆ, ಇದನ್ನು ಕೇಳಿ ಯಾವುದೋ ಹುಡುಗಿ ಕಾಲು ಹಿಡಿಯುವುದೇ ಸರಿ ಅಂದುಕೊಂಡರೆ ಹೇಗೆ ಎಂಬ ಚಿಂತೆ ಹತ್ತಿತಂತೆ. ಹೆಸರು ಬೇಡ, ಆದರೆ ನಡೆದದ್ದನ್ನು ಹೇಳು ಅಂದರು.

ಹೇಳಿದೆ. ಮುಂದಿನ ಭಾನುವಾರ ಅದೇ ಚಿತ್ರದ ಬಗ್ಗೆ ಎರಡನೆಯ ಸಲ ಮಾತಾಡಿದೆ. ಫೋನ್ ಹಿಡಿದಿದ್ದ ಗೆಳತಿ ನಡುವೆ ಕಣ್ಣೊರೆಸಿಕೊಳ್ಳಲು ಹೋಗಿ, ವಿಡಿಯೊದಲ್ಲಿ ಒಂದು ಕ್ಷಣ ಬರೀ ಆಕಾಶ ಕಾಣುತ್ತದೆ. ಅದನ್ನು ಹಾಗೇ ಬಿಟ್ಟೆವು.

ಅಪ್ಪನಿಗೆ ಹೇಳುವುದೇ ಕಷ್ಟದ ಮಾತಾಗಿತ್ತು. ವಿಡಿಯೊ ಹಾಕುವ ಮೊದಲೇ, ಅವರು ಈಗಲೂ ಇರುವ ಭಾಲ್ಕಿಯ ಮನೆಗೆ ಹೋಗಿ ಎಲ್ಲ ಹೇಳಿದ್ದೆ. ಅವರು ಆಗ ಸಣ್ಣವರು, ಅಜ್ಜನ ಪಕ್ಕದಲ್ಲಿ ಕೂತು ಕೊನೆಯವರೆಗೂ ಸಿನಿಮಾ ನೋಡಿದ್ದವರು. ಕೆನ್ನೆಗೆ ಹೊಡೆದ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

"ನಮ್ಮಪ್ಪ ಸಿನಿಮಾಕ್ಕ ಕರ್ಕೊಂಡು ಹೋಗಿದ್ದಾದ್ರೂ ಖರೇ ಅಲ್ಲಾ?" ಅಂದರು.

ಖರೇ ಎಂದೆ. ಅಜ್ಜ ಕರೆದುಕೊಂಡು ಹೋಗದಿದ್ದರೆ ಆ ಕಟ್ಟೆಯೂ ಇಲ್ಲ, ಆ ಮೆಟ್ಟಿಲೂ ಇಲ್ಲ. ಅಪ್ಪ ಅಷ್ಟಕ್ಕೆ ಸಮಾಧಾನಪಟ್ಟುಕೊಂಡರೋ ಇಲ್ಲವೋ ತಿಳಿಯದು. ಅಂದೇ ಅಕ್ಕನಿಗೆ ಫೋನ್ ಮಾಡಿ, ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಮಾತಾಡಿದರು. ಈಗ ಆ ಕಥೆ ಹೇಳುವುದನ್ನು ಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ ಅಕ್ಕನನ್ನೇ ಕೇಳಿ ಅನ್ನುತ್ತಾರೆ.

ಮೊದಲೆಲ್ಲ ನಾನು ಪ್ರತಿ ಚಿತ್ರಕ್ಕೂ ಇಷ್ಟು ನಕ್ಷತ್ರ ಎಂದು ಕೊಡುತ್ತಿದ್ದೆ. ಅದು ತಾನಾಗಿಯೇ ನಿಂತುಹೋಯಿತು. ಚಿತ್ರ ಏನು ಹೇಳುತ್ತದೆ ಎಂಬುದು ಒಂದು, ಕತ್ತಲಲ್ಲಿ ಕೂತವರು ಅದರಿಂದ ಏನು ಎತ್ತಿಕೊಂಡು ಹೋಗುತ್ತಾರೆ ಎಂಬುದು ಇನ್ನೊಂದು. ಎರಡನೆಯದು ತೆಗೆದವರ ಕೈಯಲ್ಲೂ ಇಲ್ಲ, ನನ್ನಂಥ ಮಾತಾಡುವವರ ಕೈಯಲ್ಲೂ ಇಲ್ಲ. ಈಗ ಇಂಟರ್ವಲ್‌ನಲ್ಲಿ ಪಕ್ಕದವರನ್ನು ಮಾತಾಡಿಸುತ್ತೇನೆ. ಯಾವ ಜಾಗ ಮನಸ್ಸಿಗೆ ಹತ್ತಿತು ಎಂದು ಕೇಳಿದರೆ, ನಾನು ಕಂಡೇ ಇರದ ಏನನ್ನೋ ಹೇಳುತ್ತಾರೆ.

ಕಳೆದ ತಿಂಗಳು ಅತ್ತೆ ಕಣ್ಣು ತೋರಿಸಲು ಬೀದರಿಗೆ ಬಂದಿದ್ದರು. ಗೆಳತಿಯೂ ನಾನೂ ಸೇರಿ ಅವರನ್ನು ಹೊಸ ಸಿನಿಮಾ ಒಂದಕ್ಕೆ ಕರೆದುಕೊಂಡು ಹೋದೆವು. ಅದರಲ್ಲೂ ಹೆಂಡತಿ ಮನೆ ಬಿಡುತ್ತಾಳೆ. ಈ ಸಲ ಗಂಡನ ಮುಖಕ್ಕೆ ಬಾಗಿಲು ಬಡಿದು, ಹಿಂದೆ ನೋಡದೆ, ಸಂಗೀತದ ಅಬ್ಬರದಲ್ಲಿ ನಡೆದು ಹೋಗುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಟಾಕೀಸಿನಲ್ಲಿ ಸಿಳ್ಳೆ. ನಮ್ಮಿಬ್ಬರಿಗೂ ರೋಮಾಂಚನವಾಗಿತ್ತು.

ಆಟೋದಲ್ಲಿ ಮೈಲೂರಿನ ಕಡೆ ಬರುವಾಗ ಅತ್ತೆಗೆ ಹೇಗನ್ನಿಸಿತು ಎಂದು ಕೇಳಿದೆ.

"ಛಲೋ ಅದ," ಅಂದರು. ಸ್ವಲ್ಪ ದೂರ ಬಂದ ಮೇಲೆ, "ಆದ್ರ ಆಕಿ ಮರುದಿನ ಮುಂಜಾನಿ ಎದ್ದು ಏನ್ ಮಾಡಿದ್ಳು? ಅದೇ ತೋರಿಸಲಿಲ್ಲ," ಅಂದರು.

ಗೆಳತಿ, ಅದನ್ನೆಲ್ಲ ತೋರಿಸುತ್ತ ಕೂತರೆ ಸಿನಿಮಾ ಓಡುವುದಿಲ್ಲ ಎಂದು ವಾದಿಸಿದಳು. ಅತ್ತೆ ಒಪ್ಪಲಿಲ್ಲ. ಬಾಗಿಲು ಬಡಿಯುವುದಕ್ಕೆ ಒಂದು ಕ್ಷಣ ಸಾಕು, ತಮಗೆ ಕಷ್ಟವಾದದ್ದು ಅದರ ನಂತರದ ಬೆಳಗುಗಳು ಅಂದರು. ಮನೆ ಬಂದರೂ ಇಬ್ಬರ ವಾದ ಮುಗಿದಿರಲಿಲ್ಲ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.